ತೋಟಕ್ಕೆ ಬರುವ ಚಕ್ರಗರಗಸವೋ, ಪೇಟೆಯ ಪಟ್ಟಿಗರಗಸವೋ?

ಕೊರಟಗೆರೆ ತಾಲ್ಲೂಕಿನ ತೋವಿನಕೆರೆಯ ಸುತ್ತಣ ಗ್ರಾಮಗಳಲ್ಲಿ ತೆಂಗು, ಹಲಸು, ಹುಣಸೆಗಳು ಜಮೀನುದಾರರಿಗೆ ಸ್ಥಿರವಾದ ಸ್ವತ್ತೆಂಬುದು ಎಲ್ಲರೂ ಬಲ್ಲ ಸಂಗತಿಯಷ್ಟೆ. ಮಳೆ ತಪ್ಪಿ ಕೊಳವೆಬಾವಿಗಳು ಬತ್ತಿದಾಗ ಒಣಗಿದ ಮರಗಳನ್ನು ಸೌದೆಯ ಬೆಲೆಗೆ ಕೊಟ್ಟುಬಿಡುವುದೂ, ಬಿದ್ದಲ್ಲಿಯೇ ಕೊಳೆಯಲು ಬಿಡುವುದೂ ಉಂಟು. ಇದರಿಂದ ಮರದ ಬೆಲೆ ಹೋಗುವುದು ಮಾತ್ರವಲ್ಲ. ಕೊಳೆಯುವ ತೆಂಗಿನ ಕಾಂಡದಲ್ಲಿ ಕುರುವಾಯಿ ದುಂಬಿಯು ಮೊಟ್ಟೆಯಿಟ್ಟು ವೃದ್ಧಿಯಾಗಿ, ಉಳಿದ ಹಸುರು ಮರಗಳ ಸುಳಿಯನ್ನು ಕೊರೆಯುತ್ತದೆ.

ಆದಕಾರಣ ಇಂತಹ ಮರವನ್ನು ಕಾಲಕ್ಕೆ ಸರಿಯಾಗಿ ಕೊಯ್ಯಿಸತಕ್ಕದ್ದು. ಯಾವ ಯಂತ್ರದಿಂದ ಕೊಯ್ಯಿಸಬೇಕೆಂಬುದೇ ವಿಚಾರಣೀಯವಾದ ವಿಷಯ. ಗಾಡಿಯ ಮೇಲೆ ಸಾಗುವ ಚಕ್ರಗರಗಸವು ಮರವಿದ್ದಲ್ಲಿಗೇ ಬರುತ್ತದೆ. ದಿಮ್ಮಿಯನ್ನು ಹೇರುವ ಖರ್ಚು ಉಳಿಯುತ್ತದೆ. ಎರಡು ಗಾಲಿಗಳ ಮೇಲೆ ಸುತ್ತುವ ಉಕ್ಕಿನ ಪಟ್ಟಿಗರಗಸವಾದರೋ ಸಾಮಾನ್ಯವಾಗಿ ಪೇಟೆಯ ಸಾಮಿಲ್ಲಿನಲ್ಲಿ ಸ್ಥಿರವಾಗಿರುತ್ತದೆ.

ಸಾಗಾಣಿಕೆಯ ಉಳಿತಾಯವನ್ನೊಂದನ್ನೇ ನೋಡಿ ತೀರ್ಮಾನಿಸುವುದು ವಿವೇಕವಲ್ಲ. ಚಕ್ರಗರಗಸದ ಕೊಯ್ತದಲ್ಲಿ ಸುಮಾರು ಕಾಲು ಅಂಗುಲದಷ್ಟು ಮರ ಹುಡಿಯಾದರೆ, ಪಟ್ಟಿಗರಗಸದಲ್ಲಿ ಅಂಗುಲದ ಹನ್ನೆರಡನೆಯ ಒಂದು ಭಾಗದಷ್ಟು ಮಾತ್ರ ಹೋಗುತ್ತದೆ. 12 ಅಂಗುಲ ಚೌಕದ ಹಲಸಿನ ತೊಲೆಯನ್ನು ಒಂದೊಂದು ಅಂಗುಲದ ಹಲಗೆಗಳಾಗಿ ಸೀಳಿದರೆ ಮೊದಲನೆಯದರಲ್ಲಿ 9, ಎರಡನೆಯದರಲ್ಲಿ 11 ಹಲಗೆಗಳು ದೊರೆಯುವುವು. ಐದು ತೊಲೆಗಳಿಗೆ ಹತ್ತು ಹಲಗೆಗಳ ಅಂತರ! ಅಲ್ಲದೆ 36 ಅಂಗುಲ ವ್ಯಾಸದ ಚಕ್ರವು ಒಂದೇ ಸಲಕ್ಕೆ 18 ಅಂಗುಲದಷ್ಟು ಆಳವನ್ನೂ ಕೊಯ್ಯಲಾರದು. ದಪ್ಪ ಚೇಗಿನ ಹಲಸಿಗೆ ಪಟ್ಟಿಗರಗಸವೇ ಯೋಗ್ಯವೆಂಬುದರಲ್ಲಿ ಸಂದೇಹವಿಲ್ಲ.

ತೆಂಗಿನ ವಿಷಯ ಬೇರೆ. ಅದರ ಕಾಂಡದ ಹೊರಸುತ್ತು ಬಹು ಗಟ್ಟಿ, ನಡುಭಾಗ ಮೆದು. ಸಾಧಾರಣ ಉಕ್ಕಿನ ಹಲ್ಲುಗಳು ಅದರಲ್ಲಿ ಬೇಗನೆ ಮೊಂಡಾಗುತ್ತವೆ. ಮೊಂಡಾದ ತೆಳುಪಟ್ಟಿಯು ದಾರಿ ತಪ್ಪಿ ಹಲಗೆಯನ್ನು ಡೊಂಕು ಮಾಡುತ್ತದೆ. ಟಂಗ್‌ಸ್ಟನ್ ಕಾರ್ಬೈಡಿನ ತುದಿಯುಳ್ಳ ಚಕ್ರಗರಗಸವು ಈ ಕೆಲಸಕ್ಕೆ ಹೆಚ್ಚು ಒಗ್ಗುತ್ತದೆ. ಮೆದುವಾದ ನಡುಭಾಗವನ್ನು ಹೇಗೂ ಬಿಡಬೇಕಾದುದರಿಂದ ಹುಡಿಯ ನಷ್ಟವೂ ಇಲ್ಲಿ ಅಷ್ಟಾಗಿ ಬಾಧಿಸದು. ಫಿಲಿಪ್ಪೀನ್ಸಿನಲ್ಲಿ ಮುದಿ ತೆಂಗನ್ನು ಕೊಯ್ದು ಮನೆ ಕಟ್ಟಲು ಬಳಸುವ ಪದ್ಧತಿಯುಂಟು. ಆದರೆ ಔಷಧೋಪಚಾರವಿಲ್ಲದ ತೆಂಗಿನ ಮರವು ನೆಲಕ್ಕೆ ತಾಗಿದರೆ ಬಹುಕಾಲ ಬಾಳದು. ನೆರಳಿನಲ್ಲಿ ಗಾಳಿಯಾಡುವಂತೆ ಪೇರಿಸಿ ಒಣಗಿಸಿ, ಜಂತೆ, ರೀಪುಗಳಿಗೆ ಉಪಯೋಗಿಸತಕ್ಕದ್ದು.

ಒಬ್ಬನ ತೋಟದ ನಾಲ್ಕು ಮರಗಳಿಗಾಗಿ ಯಂತ್ರವನ್ನು ಕರೆಸಿದರೆ ಖರ್ಚು ಮೀರುವುದು ಸಹಜ. ಗ್ರಾಮದ ಮುಖಂಡರು ಮುಂದೆ ಬಂದು, ಹತ್ತಾರು ಹಿಡುವಳಿಗಳ ಒಣಗಿದ ತೆಂಗನ್ನು ಒಂದೇ ವಾರದಲ್ಲಿ ಕೊಯ್ಯಿಸುವ ಏರ್ಪಾಡು ಮಾಡಿದರೆ ಎಲ್ಲರಿಗೂ ಗಿಟ್ಟುತ್ತದೆ. ಹಲಸಿನ ದಿಮ್ಮಿಗಳನ್ನು ಬೇಕಾದ ಉದ್ದಕ್ಕೆ ತುಂಡರಿಸಿ, ಅಳತೆ ಬರೆದಿಟ್ಟು, ಒಟ್ಟಾಗಿ ಸಾಮಿಲ್ಲಿಗೆ ಸಾಗಿಸುವುದು ಲೇಸು.

ಯಂತ್ರಕ್ಕೆ ಗಾಲಿಯಿದ್ದ ಮಾತ್ರಕ್ಕೆ ಕಾನೂನು ತಪ್ಪಿತೆಂದು ಭಾವಿಸಬಾರದು. ಮರ ಕಡಿಯುವ ಮೊದಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಆ ಜಾತಿಗೆ ಅಪ್ಪಣೆ ಬೇಕೇ ಎಂಬುದನ್ನೂ, ಯಂತ್ರದವನಲ್ಲಿ ಪರವಾನಗಿಯಿದೆಯೇ ಎಂಬುದನ್ನೂ ವಲಯ ಅರಣ್ಯಾಧಿಕಾರಿಗಳ ಕಛೇರಿಯಲ್ಲಿ ವಿಚಾರಿಸಿಕೊಳ್ಳತಕ್ಕದ್ದು. ಅಜ್ಜಂದಿರು ನೆಟ್ಟ ಮರವು ಒಲೆಯ ಬೂದಿಯಾಗದೆ ಮೊಮ್ಮಕ್ಕಳ ಮನೆಯ ಬಾಗಿಲಾಗುವುದು ಇಷ್ಟು ಮುಂದಾಲೋಚನೆಯಿಂದ ಸಾಧ್ಯ.