ಹಾಜರಾತಿ ಶೇ 75 ಸರಿ, ಪಾಠ ಶೇ ಎಷ್ಟು?

ಸೆಮಿಸ್ಟರ್ ಶುರುವಾದ ವಾರದಲ್ಲೇ ಭೌತಶಾಸ್ತ್ರ ವಿಭಾಗದ ನೋಟಿಸ್ ಬೋರ್ಡಿಗೆ ಒಂದು ಹಾಳೆ ಬೀಳುತ್ತದೆ. ಹಾಜರಾತಿ ಶೇ 75 ಇರತಕ್ಕದ್ದು, ಇಲ್ಲವಾದರೆ ಹಾಲ್ ಟಿಕೆಟ್ ಇಲ್ಲ. ಅಬ್ಸರ್ವೇಷನ್ ಬುಕ್ ತರದವರಿಗೆ ಲ್ಯಾಬಿಗೆ ಪ್ರವೇಶವಿಲ್ಲ. ರೆಕಾರ್ಡಿಗೆ ವಾರ ವಾರ ಸಹಿ ಹಾಕಿಸತಕ್ಕದ್ದು. ಇಂಟರ್ನಲ್ ಟೆಸ್ಟ್ ತಪ್ಪಿಸಿಕೊಂಡವರಿಗೆ ಮತ್ತೆ ಟೆಸ್ಟ್ ಇಲ್ಲ. ತಡವಾಗಿ ಬಂದವರು ಗೈರು. ಕೆಳಗೆ ವಿಭಾಗದ ಮುಖ್ಯಸ್ಥರ ಸಹಿ, ಮೊಹರು. ಕಾಲೇಜು ಯಾವುದೇ ಇರಲಿ, ಪದಗಳು ಆಚೀಚೆ ಆಗಬಹುದು, ಹಾಳೆ ಒಂದೇ.

ಅಷ್ಟೂ ಸಾಲು ಓದಿ ನೋಡಿ. ವಿದ್ಯಾರ್ಥಿ ಏನು ಮಾಡಬೇಕು, ಏನು ಮಾಡಬಾರದು ಎಂಬುದು ಮಾತ್ರ ಇದೆ. ಎಷ್ಟು ತರಗತಿ ತೆಗೆದುಕೊಳ್ಳುತ್ತೇವೆ, ಯಾವ ತಾರೀಕಿನೊಳಗೆ ಮೇಷ್ಟ್ರು ಬರುತ್ತಾರೆ, ಒಂದು ಉಪಕರಣಕ್ಕೆ ಎಷ್ಟು ಮಂದಿಯನ್ನು ಕೂರಿಸುತ್ತೇವೆ ಎಂಬ ಒಂದು ಸಾಲೂ ಇಲ್ಲ. ಸಾಲಗಾರನ ಹೆಬ್ಬೆಟ್ಟು ಮಾತ್ರ ಒತ್ತಿಸಿಕೊಂಡು, ಕೊಡುವವನು ಎಷ್ಟು ಕೊಟ್ಟ ಅನ್ನುವುದನ್ನು ಖಾಲಿ ಬಿಟ್ಟ ಪತ್ರದ ಹಾಗೆ ಇದು.

ನಾನು ಶೇ 75ರ ವಿರೋಧಿಯಲ್ಲ. ಅದನ್ನು ಸಡಿಲಿಸಿ ಎನ್ನುವ ವಿದ್ಯಾರ್ಥಿ ಸಂಘಟನೆಗಳ ಬೇಡಿಕೆಗೂ ನನ್ನ ಒಪ್ಪಿಗೆಯಿಲ್ಲ. ಇತಿಹಾಸವನ್ನು ಮನೆಯಲ್ಲಿ ಕೂತು ಓದಿಕೊಳ್ಳಬಹುದೇನೋ, ಸ್ಪೆಕ್ಟ್ರೋಮೀಟರನ್ನು ಮನೆಯಲ್ಲಿ ಕೂತು ಸರಿಹೊಂದಿಸಲು ಆಗುವುದಿಲ್ಲ. ಆದರೆ ಈ ಶೇ 75 ಯಾವುದರಲ್ಲಿ ಎಂದು ಕೇಳಲೇಬೇಕು. ನಡೆಯಬೇಕಾದ ತರಗತಿಗಳಲ್ಲಲ್ಲ, ನಡೆದ ತರಗತಿಗಳಲ್ಲಿ. ಒಂದು ಪತ್ರಿಕೆಗೆ ಐವತ್ತಕ್ಕೂ ಹೆಚ್ಚು ಗಂಟೆ ಪಾಠ ಎಂದು ಪಠ್ಯಕ್ರಮ ಹೇಳುತ್ತದೆ. ನಡೆದದ್ದು ಇಪ್ಪತ್ತೇ ಆದರೆ ಹದಿನೈದಕ್ಕೆ ಬಂದವನ ಹಾಜರಾತಿ ಶೇ 75. ರಿಜಿಸ್ಟರ್ ಪ್ರಕಾರ ಎಲ್ಲವೂ ಕ್ಷೇಮ. ಥರ್ಮೋಡೈನಮಿಕ್ಸ್ ಮಾತ್ರ ಮೊದಲ ಘಟಕ ದಾಟಿರುವುದಿಲ್ಲ.

ಇದು ಕಲ್ಪನೆಯ ಲೆಕ್ಕ ಎನ್ನುವವರಿಗೆ 2023ರ ನವೆಂಬರನ್ನು ನೆನಪಿಸಬೇಕು. ಸೇವೆ ಕಾಯಂ ಮಾಡಿ ಎಂದು ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು ತರಗತಿ ಬಹಿಷ್ಕರಿಸಿದರು. ಹತ್ತು ಸಾವಿರಕ್ಕೂ ಹೆಚ್ಚು ಮಂದಿ. 2024ರ ಜನವರಿ 1ರಂದು ತುಮಕೂರಿನ ಸಿದ್ಧಗಂಗಾ ಮಠದಿಂದ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಪಾದಯಾತ್ರೆ ಹೊರಟರು. ಮಠದ ಬಳಿಯ ಕ್ಯಾತ್ಸಂದ್ರ ಬಿಟ್ಟು ಬೆಂಗಳೂರಿನ ಕಡೆಗೆ ಹೆಜ್ಜೆ ಹಾಕಿದರೆ ಹೆದ್ದಾರಿಯಲ್ಲಿ ಮುಂದೆ ಸಿಗುವುದೇ ನಮ್ಮ ಹಿರೇಹಳ್ಳಿ. ಸರ್ಕಾರ ಸೇವಾವಧಿ ನೋಡಿ ತಿಂಗಳಿಗೆ ಐದರಿಂದ ಎಂಟು ಸಾವಿರ ರೂಪಾಯಿ ಗೌರವಧನ ಹೆಚ್ಚಿಸಿತು, ಕಾಯಂ ಮಾತ್ರ ಮಾಡಲಿಲ್ಲ. ಅವರ ಬೇಡಿಕೆ ನ್ಯಾಯವಾದದ್ದೇ. ಹತ್ತು ಹದಿನೈದು ವರ್ಷ ಪಾಠ ಮಾಡಿದವರನ್ನು ಪ್ರತಿ ವರ್ಷ ಹೊಸಬರಂತೆ ಅರ್ಜಿ ಹಾಕಿಸುವ ವ್ಯವಸ್ಥೆಗೆ ಅತಿಥಿ ಎಂಬ ಹೆಸರಿಟ್ಟವರ ಧೈರ್ಯ ಮೆಚ್ಚಬೇಕು. ಆದರೆ ಆ ವಾರಗಳಲ್ಲಿ ಮೇಷ್ಟ್ರಿಲ್ಲದ ತರಗತಿಯಲ್ಲಿ ಕೂತು ಎದ್ದು ಹೋದ ಹುಡುಗರಿಗೆ ನಿಯಮದ ಹಾಳೆ ಏನು ಕೊಟ್ಟಿತು? ತಪ್ಪಿದ ಪಾಠಕ್ಕೆ ಬದಲಿ ಪಾಠ ಎಂಬ ಕಲಮು ಅದರಲ್ಲಿ ಇರಲೇ ಇಲ್ಲ. ಟೆಸ್ಟ್ ತಪ್ಪಿಸಿದ ವಿದ್ಯಾರ್ಥಿಗೆ ಮತ್ತೆ ಟೆಸ್ಟ್ ಇಲ್ಲ ಎಂದು ಬರೆಯುವವರು, ತಪ್ಪಿಹೋದ ಪಾಠ ಮತ್ತೆ ಇಲ್ಲ ಎಂಬುದನ್ನು ಬರೆಯದೆಯೇ ಜಾರಿಗೆ ತರುತ್ತಾರೆ.

ನಿಯಮಗಳಾದರೂ ನಿಂತ ನೆಲದಲ್ಲಿ ನಿಂತಿವೆಯೇ? 2021ರಲ್ಲಿ ದೇಶದಲ್ಲೇ ಮೊದಲು ಎಂದು ಹೇಳಿಕೊಂಡು ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ತರಗತಿಗೆ ತಂದಿತು. ನಾಲ್ಕು ವರ್ಷದ ಆನರ್ಸ್, ಥಿಯರಿಗೆ 60 ಅಂಕದ ಪರೀಕ್ಷೆ, 40 ಇಂಟರ್ನಲ್. ಸರ್ಕಾರ ಬದಲಾಯಿತು, ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ಬಂತು, ಅದರ ಮಧ್ಯಂತರ ವರದಿ ಹಿಡಿದು 2024ರ ಮೇ ತಿಂಗಳಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಆದೇಶವಾಯಿತು. ಇಂಟರ್ನಲ್ 20ಕ್ಕೆ ಇಳಿಯಿತು. 2024-25ರಲ್ಲಿ ಒಂದೇ ಲ್ಯಾಬಿನಲ್ಲಿ ಮೊದಲ ವರ್ಷದವರಿಗೆ ಒಂದು ನೀತಿ, ಎರಡು ಮೂರನೇ ವರ್ಷದವರಿಗೆ ಇನ್ನೊಂದು. ಎರಡು ಪ್ರಯೋಗಪಟ್ಟಿ, ಎರಡು ಅಂಕಪದ್ಧತಿ, ಇದ್ದ ಮೇಷ್ಟ್ರು ಅವರೇ, ಮೈಕ್ರೋಸ್ಕೋಪೂ ಅದೇ. ಯಾವ ನೀತಿ ಮೇಲು ಎಂದು ಟಿವಿಯಲ್ಲಿ ಎರಡೂ ಕಡೆಯವರು ಕೂಗಾಡಿದರು. ಲ್ಯಾಬಿನ ಬೀರುವಿನೊಳಗೆ ಏನಿದೆ ಎಂದು ಅವರಲ್ಲಿ ಒಬ್ಬರೂ ಕೇಳಲಿಲ್ಲ.

ಲ್ಯಾಬಿನ ಮಾತಿಗೆ ಬರೋಣ, ರೋಗ ಇರುವುದು ಅಲ್ಲಿ. ನ್ಯೂಟನ್ ಉಂಗುರಗಳ ಪ್ರಯೋಗ ಬಿ.ಎಸ್ಸಿ. ಓದಿದ ಎಲ್ಲರಿಗೂ ಗೊತ್ತು. ಗಾಜಿನ ಹಲಗೆಯ ಮೇಲೆ ಉಬ್ಬಿದ ಮಸೂರ, ಮೇಲಿನಿಂದ ಸೋಡಿಯಂ ದೀಪದ ಬೆಳಕು. ದೀಪ ಹಾಕಿದ ಕೂಡಲೇ ಹಳದಿ ಬರುವುದಿಲ್ಲ. ಮೊದಲು ಕೆಂಪಗೆ ಮಿಣುಕಿ, ಕೆಲವು ನಿಮಿಷ ಕಾದ ಮೇಲೆ ಹಳದಿಗೆ ತಿರುಗುತ್ತದೆ. ಟ್ರಾವೆಲಿಂಗ್ ಮೈಕ್ರೋಸ್ಕೋಪಿನಲ್ಲಿ ಕಪ್ಪು ಉಂಗುರಗಳನ್ನು ಎಣಿಸುತ್ತ ಹೋಗಿ, ಅಡ್ಡಗೆರೆಯನ್ನು ಒಂದೊಂದರ ಅಂಚಿಗೆ ತಂದು ರೀಡಿಂಗ್ ಬರೆದುಕೊಳ್ಳಬೇಕು. ಸ್ಕ್ರೂವನ್ನು ಒಂದೇ ದಿಕ್ಕಿಗೆ ತಿರುಗಿಸಬೇಕು. ಉಂಗುರ ದಾಟಿತೆಂದು ಹಿಂದಕ್ಕೆ ತಿರುಗಿಸಿದಿರೋ, ಆವರೆಗಿನ ರೀಡಿಂಗೆಲ್ಲ ಹಾಳು. ಸೆಂಟಿಮೀಟರಿನ ಸಾವಿರದಲ್ಲಿ ಒಂದು ಭಾಗ ಓದುವ ಕೆಲಸ. ಕಣ್ಣು ನೋಯುತ್ತದೆ, ತಾಳ್ಮೆ ಬೇಕು. ಒಬ್ಬನಿಗೆ ಒಂದು ಮೈಕ್ರೋಸ್ಕೋಪು ಸಿಕ್ಕರೆ ಎರಡು ಗಂಟೆಯಲ್ಲಿ ಮುಗಿಯುತ್ತದೆ. ಒಂದರ ಸುತ್ತ ಆರು ಮಂದಿ ನಿಂತರೆ ಒಬ್ಬ ನೋಡುತ್ತಾನೆ, ಒಬ್ಬ ಬರೆಯುತ್ತಾನೆ, ನಾಲ್ವರು ಕಾಪಿ ಮಾಡುತ್ತಾರೆ.

ಸೋಡಿಯಂ ಬೆಳಕಿನ ತರಂಗಾಂತರ 5893 ಆಂಗ್‌ಸ್ಟ್ರಾಮ್ ಎಂಬುದು ಪುಸ್ತಕದಲ್ಲೇ ಇದೆ. ಪ್ರಾಮಾಣಿಕವಾಗಿ ಅಳೆದ ಹುಡುಗಿಗೆ 5710 ಬಂತು ಎನ್ನಿ. ಅವಳ ರೆಕಾರ್ಡಿನ ಮೇಲೆ ಕೆಂಪು ಗೆರೆ ಬೀಳುತ್ತದೆ, 'ರಿಪೀಟ್'. ಪಕ್ಕದವನು ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ವ್ಯಾಸಗಳನ್ನು ತುಂಬಿಸಿ 5891 ಬರೆದಿದ್ದಾನೆ. ಅವನಿಗೆ ಪೂರ್ತಿ ಅಂಕ. ವಿದ್ಯಾರ್ಥಿಗಳು ಇದಕ್ಕೆ ರೀಡಿಂಗ್ ಅಡ್ಜಸ್ಟ್ ಮಾಡುವುದು ಎನ್ನುತ್ತಾರೆ, ಸೀನಿಯರ್ ರೆಕಾರ್ಡು ಇರುವುದೇ ಅದಕ್ಕೆ. ಎರಡು ಸೆಮಿಸ್ಟರ್ ಕಳೆಯುವುದರೊಳಗೆ ಆ ಹುಡುಗಿಯೂ ಅಡ್ಜಸ್ಟ್ ಮಾಡುವುದನ್ನು ಕಲಿಯುತ್ತಾಳೆ. ಈ ಕೋರ್ಸು ನಿಜವಾಗಿ ಕಲಿಸಿದ ಭೌತಶಾಸ್ತ್ರ ಅದು.

ಭೌತಶಾಸ್ತ್ರದ ಮೇಷ್ಟ್ರೇ ಆಗಿದ್ದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಶೂನ್ಯದಿಂದ ವಿಭೂತಿ ತೆಗೆಯುವಂಥ ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿದರು. ತುಮಕೂರಿಗೆ ತನ್ನದೇ ವಿಶ್ವವಿದ್ಯಾಲಯ ಬಂದದ್ದು 2004ರಲ್ಲಿ. ಅದಕ್ಕೆ ಮೊದಲು ನಮ್ಮ ಕಾಲೇಜುಗಳೂ ಬೆಂಗಳೂರು ವಿಶ್ವವಿದ್ಯಾಲಯಕ್ಕೇ ಸೇರಿದ್ದವು. ಇಂದು ಅವರಿದ್ದಿದ್ದರೆ ಶೂನ್ಯದಿಂದ 5893 ತೆಗೆಯುವ ನಮ್ಮ ರೆಕಾರ್ಡ್ ಪುಸ್ತಕಗಳ ಮೇಲೂ ಒಂದು ಸಮಿತಿ ಕೂರಿಸುತ್ತಿದ್ದರು ಎಂದು ನನ್ನ ಭಾವನೆ.

ಇದು ಬರೀ ನೀತಿಪಾಠವಲ್ಲ, ಅನ್ನದ ಪ್ರಶ್ನೆ. ಹಿರೇಹಳ್ಳಿಯ ಕೈಗಾರಿಕಾ ಪ್ರದೇಶ ಕಣ್ಣೆದುರಿಗಿದೆ. ಆಚೆಗೆ ವಸಂತನರಸಾಪುರ. ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಬಿಡಿಭಾಗ ಅಳೆಯುವ ಮೇಜಿನ ಮುಂದೆ ನಿಂತವನು ಇರುವ ಅಳತೆಯನ್ನು ಇರುವ ಹಾಗೆ ಬರೆಯಬೇಕು, ಬೇಕಾದ ಅಳತೆಯನ್ನಲ್ಲ. ಮೂರು ವರ್ಷ ಅಡ್ಜಸ್ಟ್ ಮಾಡಿ ಪಾಸಾದವನನ್ನು ಆ ಮೇಜಿನ ಮುಂದೆ ನಿಲ್ಲಿಸುವುದು ಹೇಗೆ? ಸ್ಥಳೀಯರಿಗೆ ಕೆಲಸ ಕೊಡಿ ಎಂದು ಭಾಷಣ ಮಾಡುವವರು, 1925ರಲ್ಲಿ ಈ ಜಿಲ್ಲೆಯಲ್ಲಿ ಹುಟ್ಟಿದ ಪರಮಾಣು ವಿಜ್ಞಾನಿ ರಾಜಾ ರಾಮಣ್ಣನವರ ಹೆಸರನ್ನು ವೇದಿಕೆ ಮೇಲೆ ಸ್ಮರಿಸುವವರು, ಒಂದು ಮಧ್ಯಾಹ್ನ ಪ್ರಥಮ ದರ್ಜೆ ಕಾಲೇಜಿನ ಭೌತಶಾಸ್ತ್ರ ಲ್ಯಾಬಿಗೆ ಹೋಗಿ ನಿಂತು ನೋಡಲಿ.

ಮೇಷ್ಟ್ರುಗಳ ಕಡೆಯ ಮಾತೂ ಇದೆ. ಹುಡುಗರೇ ಬರುವುದಿಲ್ಲ ಸಾರ್, ಬಂದರೂ ಕೈಯಲ್ಲಿ ಮೊಬೈಲು, ಶೇ 75 ಇಲ್ಲದಿದ್ದರೆ ತರಗತಿಯೇ ಖಾಲಿ ಎನ್ನುತ್ತಾರೆ. ಅರ್ಧ ನಿಜ. ಇನ್ನರ್ಧ ರಸ್ತೆಯ ಮೇಲಿದೆ. ಬೆಳಗ್ಗೆ ಬೆಂಗಳೂರಿನಿಂದ ಬರುವ ಎಕ್ಸ್‌ಪ್ರೆಸ್ ಬಸ್ಸುಗಳು ಹೆದ್ದಾರಿ ಬದಿಯಲ್ಲಿ ಪಾಸ್ ಹಿಡಿದು ಕೈ ಅಡ್ಡ ಹಾಕುವ ಮಕ್ಕಳನ್ನು ದಾಟಿ ಹೋಗುತ್ತವೆ. ನಿಲ್ಲುವ ಬಸ್ಸು ಬರುವುದರೊಳಗೆ ಮೊದಲ ಪೀರಿಯಡ್ಡು ಅರ್ಧ. ಕುಣಿಗಲ್, ಗುಬ್ಬಿ ಕಡೆಯ ಹಳ್ಳಿಗಳಿಂದ ಎರಡು ಬಸ್ಸು ಬದಲಿಸಿ ಬರುವವರ ಕಥೆಯೂ ಇದೇ. ರಾತ್ರಿ ಪಾಳಿ ಮುಗಿಸಿ ಬರುವ ಹುಡುಗರೂ ಇದ್ದಾರೆ. ಅಂಥವರಿಗೆ ರಿಯಾಯಿತಿ ಬೇಡ, ಲ್ಯಾಬನ್ನು ಬೆಳಗಿನ ಮೊದಲ ಅವಧಿಗೆ ಹಾಕಬೇಡಿ. ವೇಳಾಪಟ್ಟಿ ಬರೆಯುವವರ ಕೈಯಲ್ಲಿರುವ ಕೆಲಸ ಅದು, ಅದಕ್ಕೆ ಯಾವ ಆಯೋಗದ ವರದಿಯೂ ಬೇಡ.

ಹಾಗೆಯೇ, ಬಂದ ರೀಡಿಂಗಿಗೆ ಅಂಕ ಕೊಡಿ. 5710 ಬಂದರೆ ಏಕೆ ಬಂತು, ದೋಷ ಎಲ್ಲಿಯದು ಎಂದು ಅರ್ಧ ಪುಟ ಬರೆಸಿ, ಅದಕ್ಕೇ ಹೆಚ್ಚಿನ ಅಂಕವಿಡಿ. ಕಾಸಿಲ್ಲದ ಸುಧಾರಣೆ ಇದು. ಇಂಟರ್ನಲ್ 40 ಇರಲಿ, 20 ಇರಲಿ, ಅಳೆಯುವುದು ಸುಳ್ಳನ್ನಾದರೆ ಎರಡೂ ಒಂದೇ.

ಮೇಷ್ಟ್ರ ನೇಮಕ ನಮ್ಮ ಕೈಯಲ್ಲಿಲ್ಲ, ಅದು ಸರ್ಕಾರದ್ದು, ಹಾಳೆಯಲ್ಲಿ ಹೇಗೆ ಮಾತು ಕೊಡುವುದು ಎಂದು ಪ್ರಾಂಶುಪಾಲರು ಕೇಳುತ್ತಾರೆ. ಒಪ್ಪಿದೆ. ಮಾತು ಕೊಡಬೇಡಿ, ಲೆಕ್ಕ ಕೊಡಿ. ಹಾಜರಾತಿ ಕೊರತೆಯಿರುವವರ ಪಟ್ಟಿ ಹಾಕುವ ಅದೇ ಬೋರ್ಡಿನಲ್ಲಿ ಪ್ರತಿ ತಿಂಗಳು ಪತ್ರಿಕೆವಾರು ಎಷ್ಟು ತರಗತಿ ನಡೆಯಬೇಕಿತ್ತು, ಎಷ್ಟು ನಡೆದವು, ಯಾವ ಪ್ರಯೋಗ ಉಪಕರಣ ಕೆಟ್ಟು ನಿಂತಿದೆ ಎಂದು ಬರೆದು ಹಾಕಿ. ನಡೆದ ತರಗತಿ ನಡೆಯಬೇಕಾದದ್ದರ ಶೇ 75 ಮುಟ್ಟದ ಪತ್ರಿಕೆಯಲ್ಲಿ ಹಾಜರಾತಿಯ ಹೆಸರಿನಲ್ಲಿ ಯಾರನ್ನೂ ಪರೀಕ್ಷೆಯಿಂದ ಹೊರಗಿಡಕೂಡದು ಎಂದು ವಿಶ್ವವಿದ್ಯಾಲಯ ಒಂದು ಸಾಲಿನ ನಿಯಮ ಮಾಡಲಿ.

ಅಲ್ಲಿಯವರೆಗೆ ಅಪ್ಪ ಅಮ್ಮಂದಿರು ಸುಮ್ಮನಿರಬೇಕಿಲ್ಲ. ಪೋಷಕರ ಸಭೆಗೆ ಕರೆದಾಗ ನಿಮ್ಮ ಮಗಳು ಎಷ್ಟು ದಿನ ಬಂದಿಲ್ಲ ಎಂಬ ಲೆಕ್ಕ ನಿಮಗೆ ಹೇಳುತ್ತಾರೆ. ಕೇಳಿಸಿಕೊಂಡು, ಎಷ್ಟು ತರಗತಿ ನಡೆದಿಲ್ಲ ಎಂಬ ಲೆಕ್ಕವನ್ನು ನೀವು ಕೇಳಿ. ಬಾಯಿಮಾತಿನಲ್ಲಿ ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ ಮೂವತ್ತು ದಿನದ ಗಡುವು.