‘ಆಗದು’ ಎಂದವರಿಗೆ ಎಷ್ಟು ಅಂಕ?

ಇನ್ನೊಂದು ಕಚೇರಿಗೆ ಪತ್ರ ಬರೆದು ಕಾಯುತ್ತೇವೆ, ಉತ್ತರ ಬರುವುದಿಲ್ಲ. ಅಲ್ಲಿನವರು ವಿಳಂಬಿಸುತ್ತಿದ್ದಾರೆಯೋ, ಕಡತವೇ ಕಳೆದುಹೋಗಿದೆಯೋ ತಿಳಿಯುವ ಬಗೆಯಿಲ್ಲ. ಕೇಂದ್ರ ಸರ್ಕಾರದ ನೌಕರರಾದ ನಮಗಿದು ನಿತ್ಯದ ಪಾಡು. ಇಂಗ್ಲಿಷ್ ಸಾಹಿತ್ಯ ಓದಿದ ನಮಗೆ ಗಣಕವಿಜ್ಞಾನದ ಒಂದು ಪ್ರಮೇಯ ತಕ್ಕಮಟ್ಟಿಗೆ ಅರ್ಥವಾದದ್ದು ಈ ಪಾಡಿನ ದೆಸೆಯಿಂದಲೇ.

ಮೈಕೇಲ್ ಫಿಷರ್, ನ್ಯಾನ್ಸಿ ಲಿಂಚ್, ಮೈಕೇಲ್ ಪ್ಯಾಟರ್ಸನ್ 1985ರಲ್ಲಿ ಪ್ರಕಟಿಸಿದ ಆ ಲೇಖನ ಒಂಬತ್ತೇ ಪುಟಗಳದು. ಹಲವು ಗಣಕಗಳು ಬರಿಯ ಸಂದೇಶಗಳ ಮೂಲಕ ಒಮ್ಮತಕ್ಕೆ ಬರಬೇಕು, ಸಂದೇಶ ಎಷ್ಟು ಹೊತ್ತಿಗೆ ತಲುಪೀತೆಂಬುದಕ್ಕೆ ಮಿತಿಯಿಲ್ಲ, ಅವುಗಳಲ್ಲೊಂದು ನಿಂತುಹೋಗಲೂಬಹುದು. ಇಷ್ಟಿದ್ದರೆ ಸಾಕು, ಚೀಟಿ ಎತ್ತುವಂಥ ಯಾದೃಚ್ಛಿಕ ಉಪಾಯದ ಹಂಗಿಲ್ಲದೆ ಒಮ್ಮತವನ್ನು ಎಂದೆಂದಿಗೂ ಮುಟ್ಟಿಸುವ ವಿಧಾನ ಇರಲಾರದೆಂದು ಅವರು ಸಾಧಿಸಿದರು. ಸತ್ತವನಾರು, ನಿಧಾನಿ ಯಾರು ಎಂಬುದು ದೂರದಿಂದ ತಿಳಿಯದು. ಆ ‘ಆಗದು’ ಬಂಜೆಯಾಗಲಿಲ್ಲ. ಎಲ್ಲಿ ಪಟ್ಟು ಸಡಿಲಿಸಬೇಕೆಂಬುದನ್ನು ಅದು ತೋರಿಸಿತು: ಕಾಲದ ಮಿತಿ ಕೊನೆಗಾದರೂ ಪಾಲನೆಯಾಗುವುದೆಂದು ನಂಬಿದರೆ ಒಮ್ಮತ ಸಾಧ್ಯವೆಂದು ಸಿಂಥಿಯಾ ಡ್ವರ್ಕ್, ಲ್ಯಾರಿ ಸ್ಟಾಕ್‌ಮೇಯರ್ ಅವರೊಡನೆ ಅದೇ ಲಿಂಚ್ 1988ರಲ್ಲಿ ತೋರಿಸಿದರು.

ಲಿಂಚ್ 1972ರಲ್ಲಿ ಎಂ.ಐ.ಟಿ.ಯಿಂದ ಡಾಕ್ಟರೇಟ್ ಪಡೆದವರು. ಬಳಿಕ ನಾಲ್ಕು ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳಿ 1982ರಲ್ಲಿ ಎಂ.ಐ.ಟಿ.ಗೇ ಅಧ್ಯಾಪಕಿಯಾಗಿ ಮರಳಿದರು. ಈಗ ಅವರನ್ನು ನಮ್ಮ ಆಯ್ಕೆ ಸಮಿತಿಯ ಮುಂದೆ ಕೂರಿಸೋಣ. ಯು.ಜಿ.ಸಿ.ಯ 2018ರ ನಿಯಮಾವಳಿಯಂತೆ ಇಬ್ಬರಿಗಿಂತ ಹೆಚ್ಚು ಲೇಖಕರಿದ್ದರೆ ಮೊದಲ ಅಥವಾ ಪ್ರಧಾನ ಲೇಖಕರಿಗೆ ಶೇ. 70, ಉಳಿದವರಿಗೆ ತಲಾ ಶೇ. 30. ಸೈದ್ಧಾಂತಿಕ ಗಣಕವಿಜ್ಞಾನದಲ್ಲಿ ಹೆಸರುಗಳನ್ನು ಇಂಗ್ಲಿಷ್ ಅಕ್ಷರಕ್ರಮದಲ್ಲಿ ಬರೆಯುವುದು ರೂಢಿ. ‘ಎಫ್’ ಮುಂದೆ, ‘ಎಲ್’ ಹಿಂದೆ. ಲಿಂಚ್ ಅವರಿಗೆ ಮೂವತ್ತು! ಒಂದು ವಿದ್ಯಾಶಾಖೆಯ ಎಲ್ಲೆಯನ್ನೇ ಗುರುತಿಸಿದವರ ಬೆಲೆಯನ್ನು ವರ್ಣಮಾಲೆ ನಿರ್ಧರಿಸುವುದಾದರೆ ಸಮಿತಿಯೇಕೆ, ಗುಮಾಸ್ತರೊಬ್ಬರು ಸಾಲದೆ?

ಅಂಕಗಳು ಬಂದದ್ದೇ ಸ್ವಜನಪಕ್ಷಪಾತ ತಡೆಯಲೆಂದು ನಮ್ಮ ಬಳಗದ ಹಿರಿಯರು ವಾದಿಸುತ್ತಾರೆ. ಒಪ್ಪಿದೆವು. ಸಂದರ್ಶನದ ಕೋಣೆಯಲ್ಲಿ ಜಾತಿ, ಶಿಷ್ಯತ್ವ, ಶಿಫಾರಸುಗಳು ಮಾಡಿದ ಅನಾಹುತ ಸಣ್ಣದಲ್ಲ. ಆದರೆ ಆ ರೋಗಕ್ಕೆ ಕೊಟ್ಟ ಮದ್ದು ಸಮಿತಿಯನ್ನು ಓದುವ ಹೊಣೆಯಿಂದಲೇ ಬಿಡುಗಡೆ ಮಾಡಿತು. ಕೋಷ್ಟಕವನ್ನು ಕೂಡಿಸಿದರಾಯಿತು, ಲೇಖನ ತೆರೆಯಬೇಕಾಗಿಲ್ಲ. ಬೇಕಾದವರನ್ನು ಕೂರಿಸಲು ಈ ಕೂಡಿಕೆಯೂ ಅಡ್ಡಿಯಾಗಿಲ್ಲ. ಹಣ ತೆತ್ತರೆ ಅಚ್ಚುಹಾಕುವ ಪತ್ರಿಕೆಗಳು ಬೀದಿಗೊಂದು ಹುಟ್ಟಿಕೊಂಡದ್ದು ಸುಮ್ಮನೆಯೆ?

ನಮ್ಮ ಪರಿಚಯದ ಯುವ ಅಧ್ಯಾಪಕಿಯೊಬ್ಬರು ಇದೇ ವಿತರಿತ ವ್ಯವಸ್ಥೆಗಳ ಅಭ್ಯಾಸಿ. ನಾಲ್ಕು ವರ್ಷ ಒಂದು ಸಾಧನೆಯ ಬೆನ್ನು ಹತ್ತಿದರು. ಬಡ್ತಿಯ ಕಡತ ಎರಡು ಬಾರಿ ಹಿಂದಿರುಗಿತು. ‘ಪ್ರಕಟಣೆಗಳ ಸಂಖ್ಯೆ ಸಾಲದು’ ಎಂಬುದಷ್ಟೇ ಷರಾ. ಮೂರನೆಯ ಬಾರಿ ಅವರು ಆ ಸಾಧನೆಯನ್ನೇ ಮೂರು ತುಂಡು ಮಾಡಿ ಮೂರು ಪತ್ರಿಕೆಗಳಿಗೆ ಹಂಚಿದರು. ಬಡ್ತಿ ಬಂತು. ಅಭಿನಂದಿಸಲು ಹೋದಾಗ ಅವರು ಮೂರೂ ಪ್ರತಿಗಳನ್ನು ನಮ್ಮ ಕೈಗಿತ್ತು, ‘ಇದರ ಒಂದನೇ ಭಾಗ ಎರಡನೆಯದಿಲ್ಲದೆ ಅರ್ಥವಾಗುವುದಿಲ್ಲ ಸರ್, ಒಟ್ಟಿಗೆ ಇಟ್ಟುಕೊಂಡೇ ಓದಿ’ ಎಂದರು.