ಹುಳುಮನೆಯ ತಂತಿಯಲ್ಲಿ ಯಾರ ನಂಬರ್ ಎಷ್ಟು?

ಮಂಡ್ಯ ಜಿಲ್ಲೆಯ ಮದ್ದೂರು, ಮಳವಳ್ಳಿ ಕಡೆಯ ರೇಷ್ಮೆ ಬೆಳೆಗಾರರಿಗೆ ಶಾಖ–ತೇವಾಂಶದ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಚಾಕಿ (ಎಳೆಯ) ಹುಳುವಿಗೆ 27–28 ಡಿಗ್ರಿ ಶಾಖ, ಶೇ 85–90 ತೇವಾಂಶ. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಹುಳುವಿಗೆ 24 ಡಿಗ್ರಿ, ಶೇ 70 ಸಾಕು. ಇದನ್ನು ಅಳೆಯಲು ಈಗ ಸೆನ್ಸರ್‌ಗಳಿವೆ. ಒಂದೊಂದಕ್ಕೂ ಬೇರೆ ವೈರ್ ಎಳೆಯದೆ ಎಲ್ಲವನ್ನೂ ಒಂದೇ ಜೋಡಿ ತಂತಿಗೆ ಸೇರಿಸಬಹುದು. ಆರ್‌ಎಸ್-485 ಎಂಬ ಈ ಪದ್ಧತಿಯಲ್ಲಿ ತಂತಿ ಸುಮಾರು 1200 ಮೀಟರ್ ಓಡುತ್ತದೆ.

ತಂತಿಯಲ್ಲಿ ಆಡುವ ಭಾಷೆ ಸಾಮಾನ್ಯವಾಗಿ ಮಾಡ್‌ಬಸ್, 1979ರಲ್ಲಿ ಕಾರ್ಖಾನೆಗಳಿಗೆಂದು ಹುಟ್ಟಿದ್ದು. ಸೆನ್ಸರ್‌ಗಳ ಅಳತೆ ಓದುವ ಕಂಟ್ರೋಲ್ ಪೆಟ್ಟಿಗೆ ಕೇಳುವ ಪ್ರತಿ ಪ್ರಶ್ನೆಯ ಮೊದಲಲ್ಲಿ ಒಂದು ನಂಬರ್ ಇರುತ್ತದೆ. ಪ್ರಶ್ನೆ ಎಲ್ಲ ಸೆನ್ಸರ್‌ಗಳಿಗೂ ಕೇಳಿಸುತ್ತದೆ, ಆದರೆ ಆ ನಂಬರಿನದು ಮಾತ್ರ ಬಾಯಿ ಬಿಡುತ್ತದೆ. ಅದು 275 ಎಂದು ಕಳಿಸಿದರೆ ಬಹಳಷ್ಟು ಸೆನ್ಸರ್‌ಗಳಲ್ಲಿ 27.5 ಡಿಗ್ರಿ ಎಂದರ್ಥ. ಉಪಕರಣಗಳಿಗೆ ಕೊಡಬಹುದಾದ ನಂಬರ್ 1ರಿಂದ 247.

ತೊಡಕು ಶುರುವಾಗುವುದು ಹೊಸ ಸೆನ್ಸರ್‌ಗಳ ಪೊಟ್ಟಣ ಒಡೆದಾಗ. ಅಂಗಡಿಯಿಂದ ತಂದ ಸೆನ್ಸರ್‌ಗಳೆಲ್ಲ ಸಾಮಾನ್ಯವಾಗಿ 1 ಎಂಬ ನಂಬರನ್ನೇ ಹೊತ್ತು ಬಂದಿರುತ್ತವೆ. ಎರಡನ್ನು ಹಾಗೇ ಜೋಡಿಸಿದರೆ ಒಂದೇ ಪ್ರಶ್ನೆಗೆ ಎರಡೂ ಒಟ್ಟಿಗೆ ಉತ್ತರಿಸಿ ಸಂಕೇತ ಕಲಸಿಹೋಗುತ್ತದೆ. ಉತ್ತರದ ಕೊನೆಯ ತಪಾಸಣೆ ಅಂಕಿ ತಾಳೆಯಾಗದೆ ಪೆಟ್ಟಿಗೆ ಅದನ್ನು ಬಿಸಾಡುತ್ತದೆ. ಪರದೆ ಖಾಲಿ. ಒಳ್ಳೆಯ ಸೆನ್ಸರ್ ಕೆಟ್ಟಿದೆಯೆಂದು ಮೂಲೆ ಸೇರುವುದು ಹೀಗೆ. ಒಂದೊಂದನ್ನೇ ಜೋಡಿಸಿ ಬೇರೆ ಬೇರೆ ನಂಬರ್ ಕೊಟ್ಟರೆ ಸರಿಹೋಗುತ್ತದೆ.

ನನಗೆ ಹೆಚ್ಚು ಭಯ ಹುಟ್ಟಿಸುವ ತಪ್ಪು ಬೇರೆ. ಚಾಕಿ ಕೋಣೆಗೆ 2, ದೊಡ್ಡ ಹುಳುವಿನ ಕೋಣೆಗೆ 3 ಎಂದು ಬರೆದುಕೊಂಡು, ಗೋಡೆಗೆ ಹೊಡೆಯುವಾಗ ಅದಲುಬದಲಾದರೆ? ತಪಾಸಣೆ ಅಂಕಿ ತಾಳೆಯಾಗುತ್ತದೆ, ಅಳತೆಯೂ ನಿಜವೇ. ಕೋಣೆ ಮಾತ್ರ ತಪ್ಪು. ದೊಡ್ಡ ಹುಳುವಿನ ಕೋಣೆಯಲ್ಲಿ ತೇವ ಏರಿದರೂ ಅದು ಚಾಕಿ ಕೋಣೆಯದೆಂದು ಕಾಣಿಸಿ ಸರಿಯೆನಿಸುತ್ತದೆ; ಸುಣ್ಣಕಟ್ಟು ರೋಗಕ್ಕೆ ಬೇಕಾದದ್ದೂ ಅದೇ ತೇವ. ಈ ತಪ್ಪನ್ನು ಯಂತ್ರ ಹಿಡಿಯಲಾರದು, ಮನುಷ್ಯನೇ ಹಿಡಿಯಬೇಕು. ಒಂದು ಸೆನ್ಸರ್ ಮೇಲೆ ಬಾಯಿಂದ ಹಬೆ ಊದಿ, ಪರದೆಯಲ್ಲಿ ಯಾವ ನಂಬರಿನ ತೇವಾಂಶ ಏರಿತೆಂದು ನೋಡಿದರಾಯಿತು.

ಅಳವಡಿಸಿದವರು ಸೆನ್ಸರ್ ಮೈಮೇಲೆ ನಂಬರ್ ಬರೆದು, ಯಾವುದು ಯಾವ ಕೋಣೆಯದೆಂಬ ಪಟ್ಟಿಯನ್ನು ಕನ್ನಡದಲ್ಲಿ ಪೆಟ್ಟಿಗೆಗೆ ಅಂಟಿಸಿಯೇ ಹೋಗಬೇಕು. ಬೆಳೆಗಾರರು ಇದನ್ನು ಕೇಳಿ ಪಡೆಯಬೇಕು. ಮುಂದೆ ಕೆಟ್ಟ ಸೆನ್ಸರ್ ಬದಲಿಸುವವರು ಆ ಪಟ್ಟಿ ನೋಡಿ ಹಳೆಯ ನಂಬರನ್ನೇ ಹೊಸದಕ್ಕೆ ಕೊಡುತ್ತಾರೆ. ಪಟ್ಟಿ ಇಲ್ಲದಿದ್ದರೆ ಹೊಸದು ಮತ್ತೆ 1 ಎಂದೇ ಉತ್ತರಿಸುತ್ತದೆ.